ಎರಡು ಉಸಿರಿನ ನಿಯಮ

ಹೋದ ಭಾನುವಾರ ಚೇತನ್ ಒಂದು ಪ್ಯಾಕೆಟ್ಟನ್ನು ಮೇಜಿನ ಮೇಲಿಟ್ಟು, ಕತ್ತರಿ ಹುಡುಕುವಷ್ಟು ತಾಳ್ಮೆಯಿಲ್ಲದೆ ಹಲ್ಲಿನಿಂದಲೇ ಅದರ ತುದಿ ಹರಿದ. ಒಳಗೆ ಹಸಿರು ಬಣ್ಣ ಹಾಕಿದ ಮರದ ಹೊಟ್ಟು ಇತ್ತು. ಹುಲ್ಲುಗಾವಲು ಮಾಡಲು ತರಿಸಿದ್ದ. ನಾನು ಒಂದು ಚಿಟಿಕೆ ತೆಗೆದುಕೊಂಡು ಮೂಗಿನ ಹತ್ತಿರ ತಂದೆ. ಒಣಮರದ ವಾಸನೆ, ಅದರ ಕೆಳಗೆ ಬಣ್ಣದ ಒಗರು, ಸ್ವಲ್ಪ ಔಷಧಿಯಂಥದ್ದು… ನೀರು ಕುಡಿದು ಬರುತ್ತೇನೆಂದು ಹೇಳಿ ಎದ್ದು ಹೊರಗೆ ಹೋದೆ.

ಶಿವಮೊಗ್ಗದ ವಿದ್ಯಾನಗರದ ಒಂದು ಮಹಡಿ ಕೋಣೆಯಲ್ಲಿ ನಾವು ನಾಲ್ಕೈದು ಜನ ಭಾನುವಾರ ಸಂಜೆ ಸೇರಿ ಮೇಜಿನ ಮೇಲೆ ಕಾಲಾಳುಗಳ ಯುದ್ಧ ಆಡುತ್ತೇವೆ. ಬೆರಳುದ್ದದ ಪ್ಲಾಸ್ಟಿಕ್ ಸೈನಿಕರು, ದಾಳ, ಅಳತೆಯ ಟೇಪು. ಎಂಟು ಹತ್ತು ಸೈನಿಕರ ಒಂದೊಂದು ತುಕಡಿ, ಅವರೆಲ್ಲರಿಗೂ ಆಜ್ಞೆ ಕೊಡುವ ಒಬ್ಬ ನಾಯಕ. ಇದನ್ನು ನಾನು ಯಾರಿಗೂ ಹೇಳಿಕೊಳ್ಳುವುದಿಲ್ಲ. ನಾನು ಪಾಠ ಮಾಡುವ ಕಾಲೇಜಿನ ಸ್ಟಾಫ್ ರೂಮಿನಲ್ಲಿ, ಭಾನುವಾರ ನಾನು ಸಂಗೀತದ ಕ್ಲಾಸಿಗೆ ಹೋಗುತ್ತೇನೆಂದು ಎಲ್ಲರೂ ತಿಳಿದುಕೊಂಡಿದ್ದಾರೆ. ಆ ತಿಳಿವಳಿಕೆಯನ್ನು ನಾನು ತಿದ್ದಿಲ್ಲ.

ನಿಯಮಗಳನ್ನು ನಾವೇ ಬರೆದುಕೊಳ್ಳುತ್ತಿದ್ದೇವೆ. ಕೆಲವು ವಾರಗಳಿಂದ ಒಂದೇ ಕಡೆ ಸಿಕ್ಕಿಹಾಕಿಕೊಂಡಿದ್ದೇವೆ. ನಾಯಕನಿಂದ ದೂರವಾಗಿ, ಆಜ್ಞೆ ಕೇಳಿಸದ ಜಾಗದಲ್ಲಿ ಉಳಿದುಹೋದ ತುಕಡಿ ಏನು ಮಾಡಬೇಕು?

"ಒಂದ್ ದಾಳ ಹಾಕು. ಕಮ್ಮಿ ಬಿದ್ರೆ ಅಲ್ಲೇ ನಿಂತ್ಕೋ, ಜಾಸ್ತಿ ಬಿದ್ರೆ ಮುಂದಕ್ ಹೋಗು. ಇದಕ್ಕೇನ್ ಇಷ್ಟು ತಲೆ ಕೆಡಿಸ್ಕೊಳ್ಳೋದು ಮಾರಾಯ್ತಿ?" ಎಂದು ಚೇತನ್ ಕೇಳುತ್ತಾನೆ.

ಬೇರೆಯಾದ ತುಕಡಿಯ ಬಗ್ಗೆ ನನಗೆ ಗೊತ್ತಿರುವುದನ್ನೆಲ್ಲ ಕಲಿಸಿದವರು ಭದ್ರಾವತಿಯ ನಮ್ಮ ಪರೇಡ್ ಟೀಚರ್. ಅವರ ಬಗ್ಗೆ ಮಾತು ಶುರುಮಾಡಿದರೆ ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ನನಗೆ ಗೊತ್ತು.

ಅದು ಹೆಣ್ಣುಮಕ್ಕಳ ಹೈಸ್ಕೂಲು. ಕಾರ್ಖಾನೆಯ ಸೈರನ್ ಕೇಳಿಸುವಷ್ಟು ಹತ್ತಿರದಲ್ಲಿತ್ತು. ನಮ್ಮ ಗಂಟೆ ಹಿಂದೆಮುಂದೆ ಆದರೂ ಸೈರನ್ ಆಗುತ್ತಿರಲಿಲ್ಲ. ಟೀಚರ್ ಸಮಾಜ ವಿಜ್ಞಾನ ಹೇಳುತ್ತಿದ್ದರು. ಶನಿವಾರ ಮಾತ್ರ ಖಾಕಿ ಹಾಕಿಕೊಂಡು ಕೆಡೆಟ್ ಹುಡುಗಿಯರಿಗೆ ಕವಾಯತು ಕಲಿಸುತ್ತಿದ್ದರು. ಕುಳ್ಳಗಿದ್ದರು. ಪ್ಯಾಂಟು ಪಾದದಿಂದ ಸ್ವಲ್ಪ ಮೇಲಕ್ಕೇ ನಿಲ್ಲುತ್ತಿತ್ತು. ಕ್ಯಾನ್ವಾಸ್ ಶೂಗೆ ತರಗತಿಯ ಚಾಕ್‌ಪೀಸನ್ನೇ ಒದ್ದೆ ಮಾಡಿ ಹಚ್ಚುತ್ತಿದ್ದರಿಂದ ನಡೆದಲ್ಲೆಲ್ಲ ಬಿಳಿ ಪುಡಿ ಉದುರುತ್ತಿತ್ತು.

ಅವರು ಗಾಜನೂರಿನ ಕಡೆಯವರು. ಓದಿದ್ದೆಲ್ಲ ಕನ್ನಡದಲ್ಲಿ. ಕನ್ನಡದಲ್ಲಿ ಮಾತಾಡುವಾಗ ಅವರನ್ನು ಯಾರಿಂದಲೂ ಹಿಡಿಯಲಾಗುತ್ತಿರಲಿಲ್ಲ. ಇಂಗ್ಲಿಷಿಗೆ ಬಂದಾಗ ಮಾತ್ರ ನಿಂತುಬಿಡುತ್ತಿದ್ದರು. ತಡವರಿಸುತ್ತಿರಲಿಲ್ಲ, ಅದನ್ನು ಸ್ಪಷ್ಟವಾಗಿ ಹೇಳಬೇಕು. ಇಡೀ ವಾಕ್ಯವನ್ನು ಮೊದಲು ಮನಸ್ಸಿನಲ್ಲಿ ಕಟ್ಟಿಕೊಂಡು, ಆಮೇಲೆ ಬಾಯಿ ತೆರೆಯುತ್ತಿದ್ದರು. ಕಟ್ಟುವಾಗ ತುಟಿ ಬಿಗಿಯಾಗುತ್ತಿತ್ತು, ಬಲಗೈಯ ಹೆಬ್ಬೆರಳು ತೋರುಬೆರಳನ್ನು ಉಜ್ಜುತ್ತಿತ್ತು. ಬಂದಾಗ ವಾಕ್ಯ ಒಂದು ತಪ್ಪೂ ಇಲ್ಲದೆ ಇಡಿಯಾಗಿ ಬರುತ್ತಿತ್ತು. ಎಂಟನೇ ತರಗತಿಗೆ ಹೊಸದಾಗಿ ಬಂದವರು ಆ ನಿಲುಗಡೆಯಲ್ಲಿ ಕಿಸಕ್ಕೆಂದು ನಗುತ್ತಿದ್ದರು. ದಸರಾ ರಜೆ ಬರುವ ಹೊತ್ತಿಗೆ ಅವರಿಗೂ ಅಭ್ಯಾಸವಾಗುತ್ತಿತ್ತು.

ಸೈಕಲ್ ಶೆಡ್ಡಿನ ಪಕ್ಕದ ಹಳೆಯ ಸ್ಟೋರ್ ರೂಮಿನಲ್ಲಿ ಅವರ ಮರಳ ಮೇಜು ಇತ್ತು. ಮುರಿದ ಟೇಬಲ್ ಟೆನಿಸ್ ಮೇಜಿನ ಸುತ್ತ ಹಲಗೆ ಹೊಡೆಸಿ ಮರಳು ತುಂಬಿಸಿದ್ದರು. ನೀರು ಚಿಮುಕಿಸಿ ಗುಡ್ಡ ಮಾಡುತ್ತಿದ್ದೆವು, ನೀಲಿ ರಂಗೋಲಿ ಪುಡಿಯಿಂದ ಹೊಳೆ. ಹುಲ್ಲಿಗೆ ಸಾ ಮಿಲ್ಲಿನಿಂದ ತಂದ ಮರದ ಹೊಟ್ಟು. ಬಕೆಟ್ಟಿನಲ್ಲಿ ಹಸಿರು ಬಣ್ಣ ಕದಡಿ, ಹೊಟ್ಟನ್ನು ಅದ್ದಿ, ಹಳೆಯ ಪೇಪರಿನ ಮೇಲೆ ಹರವಿ ಒಣಗಿಸುವ ಕೆಲಸವನ್ನು ಟೀಚರ್ ಯಾರಿಗೂ ಬಿಡುತ್ತಿರಲಿಲ್ಲ. ಆಮೇಲೆ ಎಷ್ಟೋ ದಿನ ಅವರ ಉಗುರಿನ ಸಂದಿ ಹಸಿರಾಗಿಯೇ ಇರುತ್ತಿತ್ತು.

"ಏನ್ ಟೀಚರ್, ಮನೇಲಿ ಇವತ್ತೂ ಪಾಲಕ್ ಸೊಪ್ಪಾ?" ಎಂದು ಹೆಡ್ ಮೇಡಂ ಕೇಳುತ್ತಿದ್ದರು.

ನಮ್ಮ ಸೈನಿಕರು ಪೆನ್ನಿನ ಕ್ಯಾಪುಗಳು. ಮರಳಿನಲ್ಲಿ ಊರಿದರೆ ನೆಟ್ಟಗೆ ನಿಲ್ಲುತ್ತಿದ್ದವು. ನೀಲಿಯದು ಒಂದು ಪಕ್ಷ, ಕೆಂಪಿನದು ಇನ್ನೊಂದು. ನಾಯಕಿ ಮಾತ್ರ ದಪ್ಪ ಮಾರ್ಕರ್ ಪೆನ್ನಿನ ಕ್ಯಾಪು. ಪ್ರತಿ ತುಕಡಿಯನ್ನು ಒಬ್ಬೊಬ್ಬ ಹುಡುಗಿ ಆಡಿಸಬೇಕು. ಟೀಚರ್ ತಮ್ಮ ಎರಡು ಗೇಣಿನಷ್ಟು ಉದ್ದದ ಒಂದು ಕೋಲು ಕತ್ತರಿಸಿಟ್ಟಿದ್ದರು. ನಾಯಕಿಯ ಕ್ಯಾಪಿನಿಂದ ತುಕಡಿ ಕೋಲಿಗಿಂತ ದೂರ ಹೋಯಿತೋ, ಅದು ಬೇರೆಯಾದ ತುಕಡಿ. ಅದರ ಹುಡುಗಿ ಕೋಣೆಯಿಂದ ಎದ್ದು ಹೊರಗೆ ಹೋಗಬೇಕು.

ನಿಜವಾಗಿಯೂ ಹೋಗಬೇಕು. ಸೈಕಲ್ ಶೆಡ್ಡಿನಲ್ಲಿ ಕೂರಬೇಕು. ಮೇಜು ಅವಳಿಗೆ ಕಾಣುವಂತಿಲ್ಲ. ಅವಳ ತುಕಡಿಗೆ ಅಲ್ಲಿಂದ ಏನು ಕಾಣುತ್ತದೋ ಅಷ್ಟನ್ನು ಮಾತ್ರ ಒಬ್ಬ ಓಲೆಕಾರ್ತಿ ಓಡಿಹೋಗಿ ಹೇಳುತ್ತಾಳೆ. ಅವಳು ತಾನೇ ತೀರ್ಮಾನ ಮಾಡಿ ಹೇಳಿಕಳಿಸುತ್ತಾಳೆ. ನಾಯಕಿ ಕರೆಸುವ ತನಕ ಒಳಗೆ ಬರುವಂತಿಲ್ಲ.

ಹೆಚ್ಚಾಗಿ ಹೊರಗೆ ಹೋಗುತ್ತಿದ್ದವಳು ಸೆಲ್ವಿ. ಕ್ವಾರ್ಟರ್ಸಿನ ಹುಡುಗಿ, ಅವಳ ಅಮ್ಮ ನಮ್ಮ ಶಾಲೆಯ ಆಯಾ. ಸೆಲ್ವಿಗೆ ಕಾದು ಆಡುವುದೇ ಗೊತ್ತಿರಲಿಲ್ಲ. ತುಕಡಿಯನ್ನು ಮೊದಮೊದಲ ಸರದಿಗಳಲ್ಲೇ ದೂರ ಓಡಿಸುತ್ತಿದ್ದಳು.

"ಟೀಚರ್, ಶೆಡ್ಡಲ್ಲಿ ಸೊಳ್ಳೇನೇ ಸಾಕು, ಬೇರೆ ಶತ್ರು ಬೇಡ," ಎಂದು ಒಮ್ಮೆ ಗೊಣಗಿದಳು. "ಯಾಕ್ ಟೀಚರ್ ಹೊರಗೆ ಕಳಿಸೋದು? ಇಲ್ಲೇ ಮೂಲೇಲಿ ಕಣ್ ಮುಚ್ಕೊಂಡ್ ಕೂತ್ಕೋತೀನಿ."

"ನಿಮ್ಮಮ್ಮ ಇಲ್ಲಿ ಡ್ಯೂಟಿಗೆ ಬಂದಿರ್ತಾರೆ, ಮನೇಲಿ ತಮ್ಮ ಅಳ್ತಿದಾನೆ. ಅಮ್ಮ ಬರ್ಲಿ ಅಂತ ಕೂತಿರ್ತೀಯಾ, ಹಾಲು ಕಾಯಿಸ್ತೀಯಾ?"

"ಹಾಲಿದ್ರೆ ಕಾಯಿಸ್ತೀನಿ ಟೀಚರ್."

"ಅಷ್ಟೇ. ಎದುರಿಗೆ ಲೀಡರ್ ಇದ್ರೆ ಎಲ್ರೂ ಜಾಣೇರೇ. ಇಲ್ದಾಗ ಏನ್ ಮಾಡ್ತೀಯ ಅಂತ ನಂಗೆ ನೋಡ್ಬೇಕು."

ಎರಡು ಉಸಿರಿನ ನಿಯಮ ಕೂಡ ಇದೇ ಯೋಚನೆಯಿಂದ ಹುಟ್ಟಿದ್ದು. ನಾಯಕಿಯ ಸರದಿ ಬಂದಾಗ ಅವಳು ಆಜ್ಞೆ ಕೊಡಬೇಕು. ಕೊಡದೆ ಸುಮ್ಮನೆ ನಿಂತರೆ, ಅವಳ ಪಕ್ಕದಲ್ಲಿರುವ ಎರಡನೆಯವಳು ಎರಡು ಉಸಿರು ಕಾಯುತ್ತಾಳೆ. ಎಳೆದು ಬಿಟ್ಟರೆ ಒಂದು, ಮತ್ತೆ ಎಳೆದು ಬಿಟ್ಟರೆ ಎರಡು. ಅಷ್ಟರೊಳಗೆ ಮಾತು ಬರಲಿಲ್ಲವೆಂದರೆ ಎರಡನೆಯವಳು ಆಜ್ಞೆ ಕೊಡಲು ಶುರುಮಾಡಬೇಕು, ಕೇಳುವಂತಿಲ್ಲ, ಹಿಂಜರಿಯುವಂತಿಲ್ಲ. ಆಮೇಲೆ ಮೊದಲಿನ ನಾಯಕಿ ಆಟ ಮುಗಿಯುವ ತನಕ ಬಾಯಿ ತೆರೆಯಬಾರದು. ಒಂದು ತುಕಡಿಗೆ ಇಬ್ಬರ ಮಾತು ಕೇಳಿಸಿತೆಂದರೆ ಆ ತುಕಡಿ ಸತ್ತಂತೆ ಎನ್ನುತ್ತಿದ್ದರು ಟೀಚರ್.

ಯಾರ ಉಸಿರು ಎಂಬ ಜಗಳ ಬಂತು. ಅದನ್ನು ತೆಗೆದವಳೂ ಸೆಲ್ವಿಯೇ. ನನ್ನ ಕಡೆ ಗಲ್ಲ ತೋರಿಸಿ, "ಇವಳದು ಬೆಕ್ಕಿನ ಉಸಿರು ಟೀಚರ್. ನಾವು ಒಂದು ಬಿಡೋದ್ರಲ್ಲಿ ಇವಳದು ಎರಡಾಗಿ ಬಾಕಿ ಉಳಿದಿರುತ್ತೆ," ಎಂದಳು.

ಟೀಚರ್ ನಕ್ಕರು. "ಕಾಯೋಳ ಉಸಿರೇ ಲೆಕ್ಕ. ಕಾಯೋಳ ಮೇಲೆ ನಂಬಿಕೆ ಇಲ್ದಿದ್ರೆ ಇನ್ಯಾತಕ್ಕೆ ಆಡೋದು?"

ನನ್ನನ್ನು ಅವರು ಯಾವಾಗಲೂ ಎರಡನೆಯವಳಾಗಿ ನಿಲ್ಲಿಸುತ್ತಿದ್ದರು. ನನ್ನ ಮಾತು ಕಡಿಮೆ, ಲೆಕ್ಕ ತಪ್ಪುವುದಿಲ್ಲ ಎಂಬುದು ಕಾರಣ ಇರಬೇಕು. ಅಥವಾ ನಾನು ಹಾಗೆ ಅಂದುಕೊಂಡಿದ್ದೆ…

ನಾವು ಹತ್ತನೇ ತರಗತಿಗೆ ಬಂದ ವರ್ಷ ಶಾಲೆಗೆ ಹೊಸ ಇಂಗ್ಲಿಷ್ ಟೀಚರ್ ಬಂದರು. ಚಿಕ್ಕ ವಯಸ್ಸು, ಚೆನ್ನಾಗಿ ಮಾತಾಡುತ್ತಿದ್ದರು. ಅದಾದ ಸ್ವಲ್ಪ ದಿನಕ್ಕೆ ಸೆಲ್ವಿ ತನ್ನ ಅಮ್ಮನಿಂದ ಸುದ್ದಿ ತಂದಳು. ಕೆಡೆಟ್ ತರಬೇತಿಯನ್ನು ಹೊಸ ಟೀಚರಿಗೆ ಕೊಟ್ಟು, ಮರಳ ಕೋಣೆಯನ್ನು ಕಂಪ್ಯೂಟರ್ ಕೋಣೆ ಮಾಡಬೇಕೆಂದು ಆಡಳಿತ ಮಂಡಳಿಯವರಿಗೆ ಮನಸ್ಸಿದೆ. ಪರಿಶೀಲನೆಗೆ ಒಬ್ಬ ಸೇನಾಧಿಕಾರಿ ಬರುತ್ತಾರೆ. ಅವರು ಮರಳ ಮೇಜನ್ನು ಮೆಚ್ಚಿಕೊಂಡರೆ ಟೀಚರ್ ನಿವೃತ್ತಿಯ ತನಕ ಅದನ್ನೇ ನಡೆಸಿಕೊಂಡು ಹೋಗಬಹುದು. ಇಲ್ಲವಾದರೆ ಇಲ್ಲ.

ಟೀಚರ್ ನಮ್ಮ ಹತ್ತಿರ ಇದನ್ನು ಆಡಲಿಲ್ಲ. ನನ್ನೊಬ್ಬಳಿಗೆ ಭಾನುವಾರ ಮನೆಗೆ ಬಾ ಎಂದರು. ಹಳೇನಗರದಲ್ಲಿ ಅವರ ಮನೆ. ಯಜಮಾನರು ತೀರಿಕೊಂಡು ಆಗಲೇ ಎಷ್ಟೋ ವರ್ಷವಾಗಿತ್ತು. ಮಗಳು ದಾವಣಗೆರೆಯಲ್ಲಿ ಹಾಸ್ಟೆಲ್ಲಿನಲ್ಲಿದ್ದು ಓದುತ್ತಿದ್ದಳು. ಜಗಲಿಯ ಮೇಲೆ ಕೂತು ಒಗ್ಗರಣೆ ಹಾಕಿದ ಮಂಡಕ್ಕಿ ತಿನ್ನುತ್ತ ನಾವಿಬ್ಬರೂ ಇಂಗ್ಲಿಷ್ ವಾಕ್ಯಗಳನ್ನು ಕಟ್ಟಿದೆವು. ನಿಜ ಹೇಳಬೇಕೆಂದರೆ ಅವರೇ ಕಟ್ಟಿದರು. ನಾನು ಒಂದೆರಡು ಪದ ಹಿಂದೆಮುಂದೆ ಮಾಡಿದೆ, ಅಷ್ಟೆ.

"ಬಂದೋರು ಇದೊಂದು ಕೇಳೇ ಕೇಳ್ತಾರೆ," ಎಂದರು. "ಹುಡುಗೀನ ಯಾಕ್ ಹೊರಗೆ ಕಳಿಸಿದ್ರಿ ಅಂತ. ಇದನ್ನ ನಾನೇ ಸರಿಯಾಗಿ ಹೇಳ್ಬೇಕು. ಬೇರೆ ಎಲ್ಲಾದ್ರೂ ತಪ್ಪಿದ್ರೂ ಪರವಾಗಿಲ್ಲ."

ಆ ಉತ್ತರವನ್ನು ಅವರು ಜಗಲಿಯಲ್ಲಿ ನಿಂತು, ಎದುರಿನ ಕಾಂಪೌಂಡಿನ ಕಡೆ ಮುಖ ಮಾಡಿ ಹೇಳಿದರು. ನಾಯಕಿಯಿಂದ ದೂರವಾದವಳು ಧೈರ್ಯ ಕಳೆದುಕೊಳ್ಳುವುದು ಹೆದರಿಕೆಯಿಂದಲ್ಲ, ತನ್ನನ್ನು ಯಾರೂ ನೆನೆಸುತ್ತಿಲ್ಲ ಎಂದು ಅನ್ನಿಸುವುದರಿಂದ. ಹೊರಗೆ ಕೂತು ಅದನ್ನು ಒಮ್ಮೆ ಅನುಭವಿಸಿದ ಹುಡುಗಿ, ಮುಂದೆ ತಾನು ನಾಯಕಿಯಾದಾಗ ಹೊರಗಿರುವವರನ್ನು ಮರೆಯುವುದಿಲ್ಲ. ಇದು ನಾನು ಕನ್ನಡಕ್ಕೆ ಇಳಿಸಿದ ರೂಪ. ಅವರ ಇಂಗ್ಲಿಷ್ ಇದಕ್ಕಿಂತ ಚಿಕ್ಕದಾಗಿತ್ತು, ಚೆನ್ನಾಗಿಯೂ ಇತ್ತು. ಹೇಳಿ ಮುಗಿಸಿ ನನ್ನ ಕಡೆ ತಿರುಗಿ, "ಆಯ್ತಾ?" ಎಂದು ಕೇಳಿದರು. ಆಯಿತು ಎಂದೆ.

ಅಧಿಕಾರಿ ಬಂದ ದಿನ ಬಿಸಿಲು ಜೋರಾಗಿತ್ತು. ಎತ್ತರದ ಮನುಷ್ಯ, ಉತ್ತರದ ಕಡೆಯವರು, ಬಹಳ ಮರ್ಯಾದಸ್ಥರು. ಕೋಣೆಗೆ ಬರುವಾಗ ಬಾಗಿಲಿಗೆ ತಲೆ ತಗ್ಗಿಸಿ, ನಮಗೆಲ್ಲ ಹಿಂದಿಯಲ್ಲಿ ಕ್ಷೇಮ ಕೇಳಿದರು. ಜೊತೆಗೆ ಹೆಡ್ ಮೇಡಂ, ಆಡಳಿತ ಮಂಡಳಿಯ ಇಬ್ಬರು, ಹೊಸ ಇಂಗ್ಲಿಷ್ ಟೀಚರ್. ಅಷ್ಟು ಜನ ನಿಂತರೆ ಕೋಣೆಯಲ್ಲಿ ಕೈ ಆಡಿಸಲೂ ಜಾಗವಿರಲಿಲ್ಲ.

ಆ ದಿನ ನೀಲಿ ಪಕ್ಷಕ್ಕೆ ಟೀಚರೇ ನಾಯಕಿ, ನಾನು ಎರಡನೆಯವಳು. ಎರಡು ಸರದಿ ಚೆನ್ನಾಗಿ ನಡೆಯಿತು. ಟೀಚರ್ ಕನ್ನಡದಲ್ಲಿ ಆಜ್ಞೆ ಕೊಡುತ್ತಿದ್ದರು, ಅಧಿಕಾರಿ ಮೇಜಿನ ಮೇಲೆ ಬಗ್ಗಿ ನೋಡುತ್ತಿದ್ದರು. ಮೂರನೆಯ ಸರದಿಗೆ ಸೆಲ್ವಿ ಎಂದಿನಂತೆ ತನ್ನ ತುಕಡಿಯನ್ನು ಹೊಳೆ ದಾಟಿಸಿದಳು. ಟೀಚರ್ ಕೋಲು ಇಟ್ಟು ಅಳೆದರು. ಸೆಲ್ವಿ ಸೆಲ್ಯೂಟ್ ಹೊಡೆದು ಸೈಕಲ್ ಶೆಡ್ಡಿಗೆ ಹೋದಳು.

ಅಧಿಕಾರಿಗೆ ಆಶ್ಚರ್ಯವಾಯಿತು. ಆ ಹುಡುಗಿ ಎಲ್ಲಿ ಹೋದಳು, ಯಾಕೆ ಕಳಿಸಿದಿರಿ ಎಂದು ಇಂಗ್ಲಿಷಿನಲ್ಲಿ ಟೀಚರನ್ನು ಕೇಳಿದರು.

ಟೀಚರ್ ನೆಟ್ಟಗಾದರು. ತುಟಿ ಬಿಗಿಯಿತು. ಹೆಬ್ಬೆರಳು ತೋರುಬೆರಳನ್ನು ಉಜ್ಜತೊಡಗಿತು. ನಾನು ಅವರ ಎಡಗಡೆ ಒಂದು ಮೊಳ ದೂರದಲ್ಲಿದ್ದೆ. ನನಗೆ ಎಲ್ಲ ಕಾಣುತ್ತಿತ್ತು. ಹೆಡ್ ಮೇಡಂ ಮಂಡಳಿಯವರ ಮುಖ ನೋಡಿದ್ದು, ಹೊಸ ಟೀಚರ್ ಮೆಲ್ಲಗೆ ಒಂದು ಹೆಜ್ಜೆ ಮುಂದಕ್ಕೆ ಇಟ್ಟದ್ದು… ಎಷ್ಟು ಹೊತ್ತು ಅದು ನಡೆಯಿತೆಂದು ಇವತ್ತಿಗೂ ಹೇಳಲಾರೆ. ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಎದೆ ಹೊಡೆದುಕೊಳ್ಳುವಾಗ ಉಸಿರು ಚಿಕ್ಕದಾಗುತ್ತದೆ. ಟೀಚರಿನ ತುಟಿ ಬಿಡಿಸಿಕೊಂಡಿತು. ಅಷ್ಟರಲ್ಲಿ ನಾನು ಮಾತಾಡಿದೆ.

ಚೆನ್ನಾಗಿಯೇ ಮಾತಾಡಿದೆ. ಅದೇ ತೊಂದರೆ. ಟೀಚರಿನ ವಾಕ್ಯವನ್ನು ಹೇಳಲಿಲ್ಲ, ಅದು ಅವರದೆಂಬಷ್ಟು ಅರಿವಾದರೂ ಇತ್ತು. ದೂರದ ಅಳತೆ, ಓಲೆಕಾರ್ತಿ, ಅವಳು ಎಷ್ಟನ್ನು ಮಾತ್ರ ಹೇಳಬಹುದು, ಇಂಥ ಲೆಕ್ಕಗಳನ್ನು ಒಂದರ ಹಿಂದೆ ಒಂದು ಹೇಳಿದೆ. ಅಧಿಕಾರಿ ನನ್ನ ಕಡೆ ತಿರುಗಿದರು. ಮುಂದಿನ ಪ್ರಶ್ನೆ ನನಗೇ ಕೇಳಿದರು, ಅದರ ಮುಂದಿನದೂ ನನಗೇ.

ಟೀಚರ್ ತೆರೆದ ಬಾಯಿ ಮುಚ್ಚಿಕೊಂಡರು. ನನ್ನ ಮಾತಿನ ನಡುವೆ ಎಲ್ಲಾದರೂ ಅವರು ಸೇರಿಕೊಳ್ಳುತ್ತಾರೆಂದು ನಾನು ಕಾದೆ. ಸೇರಿಕೊಳ್ಳಲಿಲ್ಲ. ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ಪಾದ ಅಗಲಿಸಿ, ವಿಶ್ರಾಮ್ ಸ್ಥಿತಿಯಲ್ಲಿ ನಿಂತುಬಿಟ್ಟರು. ಆಗ ನನಗೆ ಅರ್ಥವಾಯಿತು. ಅವರು ನಿಯಮ ಪಾಲಿಸುತ್ತಿದ್ದರು. ಎರಡನೆಯವಳು ಮಾತು ಶುರುಮಾಡಿದ ಮೇಲೆ ಮೊದಲಿನ ನಾಯಕಿ ಆಟ ಮುಗಿಯುವ ತನಕ ಸುಮ್ಮನಿರಬೇಕು. ಅಧಿಕಾರಿಗೆ ಆ ನಿಯಮ ಗೊತ್ತಿರಲಿಲ್ಲ. ಹೆಡ್ ಮೇಡಂಗೂ ಗೊತ್ತಿರಲಿಲ್ಲ. ಅವರಿಗೆ ಕಂಡದ್ದು ಇಷ್ಟೇ: ಪ್ರಶ್ನೆಗೆ ಉತ್ತರ ಬಾರದೆ ನಿಂತ ಟೀಚರ್, ಪಟಪಟ ಉತ್ತರ ಕೊಡುವ ಹುಡುಗಿ.

ಆ ನಿಯಮ ಆಜ್ಞೆಗಳಿಗೆ ಸಂಬಂಧಿಸಿದ್ದು, ಅತಿಥಿಗೆ ಉತ್ತರ ಕೊಡುವುದಕ್ಕಲ್ಲ ಎಂದು ನಾನು ಎಷ್ಟೋ ಸಲ ನನ್ನೊಳಗೆ ವಾದ ಮಾಡಿದ್ದೇನೆ. ಹಾಗಾದರೆ ನಾನು ಬಾಯಿ ಹಾಕಿದ್ದು ತಪ್ಪು. ಅಲ್ಲ, ಆಟ ನಡೆಯುತ್ತಿದ್ದಾಗ ಎಲ್ಲವೂ ಆಟವೇ ಎಂದರೆ, ನಾನು ಕಾಯಬೇಕಾದಷ್ಟು ಕಾದೆನೇ ಎಂಬ ಪ್ರಶ್ನೆ ಉಳಿಯುತ್ತದೆ. ಯಾವ ದಾರಿಯಿಂದ ಹೋದರೂ ಅದೇ ಮನೆ ಬಾಗಿಲು.

"ನೋಡಿ ಸರ್, ನಮ್ ಹುಡುಗೀರೇ ಸಾಕು," ಎಂದು ಹೆಡ್ ಮೇಡಂ ಮಂಡಳಿಯವರಿಗೆ ಹೇಳಿದರು. ಎಲ್ಲರೂ ನಕ್ಕು, ಚಪ್ಪಾಳೆ ತಟ್ಟಿ, ಆಟವನ್ನು ಅರ್ಧಕ್ಕೇ ಬಿಟ್ಟು ಟೀಗೆ ಹೊರಟರು. ಬಾಗಿಲಲ್ಲಿ ಹೆಡ್ ಮೇಡಂ ಟೀಚರಿನ ತೋಳು ಮುಟ್ಟಿದರು. "ಇನ್ ನೀವು ಆರಾಮಾಗಿರಿ ಟೀಚರ್. ಎಷ್ಟ್ ವರ್ಷ ಅಂತ ಬಿಸಿಲಲ್ಲಿ ಒಣಗ್ತೀರಾ?" ಅದರಲ್ಲಿ ಕುಹಕವಿರಲಿಲ್ಲ. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು.

ನನ್ನನ್ನೂ ಟೀಗೆ ಕರೆದರು. ಅಧಿಕಾರಿಯ ಪಕ್ಕದ ಕುರ್ಚಿಯಲ್ಲಿ ಕೂತು ಬೋಂಡಾ ತಿಂದೆ. ಮುಂದೆ ಏನಾಗಬೇಕೆಂದಿದ್ದೀ ಎಂದು ಅವರು ಕೇಳಿದ್ದಕ್ಕೂ ಏನೋ ಹೇಳಿದೆ. ಸ್ವಲ್ಪ ಹೊತ್ತಿನ ಮೇಲೆ ಅಂಗಳದ ಆ ಕಡೆಯಿಂದ ಟೀಚರ್ ಸೆಲ್ವಿಯನ್ನು ಕರೆದುಕೊಂಡು ಬರುವುದು ಕಾಣಿಸಿತು. ಸೆಲ್ವಿಯನ್ನು ಒಳಗೆ ಕರೆಸಬೇಕಾದವಳು ನಾನು. ಆಜ್ಞೆ ನನ್ನ ಕೈಗೆ ಬಂದಿತ್ತಲ್ಲ. ಅವಳು ಹೊರಗಿದ್ದಾಳೆಂಬುದೇ ನನಗೆ ಮರೆತುಹೋಗಿತ್ತು.

"ಏನೇ, ಯುದ್ಧ ಮುಗಿಸಿ ಬೋಂಡಾನೂ ಮುಗಿಸಿದ್ರಾ?" ಎಂದಳು ಸೆಲ್ವಿ. "ನಾನಿನ್ನೂ ಶತ್ರು ಬರ್ತಾನೆ ಅಂತ ಸೈಕಲ್ ಹಿಂದೆ ಕೂತಿದೀನಿ. ಓಲೆ ಇಲ್ಲ, ಕರೆ ಇಲ್ಲ. ಟೀಚರ್ ಬರ್ದಿದ್ರೆ ನಾಳೆ ಪ್ರೇಯರ್ ತನಕ ಅಲ್ಲೇ."

ಸಂಜೆ ಕೋಣೆ ಗುಡಿಸುವಾಗ ನಾನೂ ಟೀಚರೂ ಇಬ್ಬರೇ ಉಳಿದೆವು. ಅವರು ಕ್ಯಾಪುಗಳನ್ನು ಒಂದೊಂದಾಗಿ ಮರಳಿನಿಂದ ಕಿತ್ತು, ಊದಿ, ಡಬ್ಬಕ್ಕೆ ಹಾಕುತ್ತಿದ್ದರು. ತಲೆ ಎತ್ತದೆ ಕೇಳಿದರು:

"ಎರಡು ಉಸಿರು ಆಗಿತ್ತಾ?"

"ಆಗಿತ್ತು ಟೀಚರ್."

"ಹಂಗಾದ್ರೆ ಸರಿ ಬಿಡು."

ಆಗಿತ್ತೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಆದರೆ ಗೊತ್ತಿಲ್ಲ ಎನ್ನುವ ಉತ್ತರ ಬಾಯಿಗೆ ಬರಲಿಲ್ಲ.

ತಿಂಗಳೊಳಗೆ ಕೆಡೆಟ್ ತರಬೇತಿ ಹೊಸ ಟೀಚರಿಗೆ ಹೋಯಿತು. ನನ್ನ ತೋಳಿಗೆ ನಾಯಕಿಯ ಪಟ್ಟಿ ಬಂತು. ನಾನು ಅದನ್ನು ಹಾಕಿಕೊಂಡಿರುವ ಫೋಟೋವನ್ನು ಅಮ್ಮ ತೆಗೆಸಿ ಗೋಡೆಗೆ ನೇತುಹಾಕಿದರು. ಅದು ಇನ್ನೂ ಅಲ್ಲೇ ಇದೆ. ಬೇಸಿಗೆ ರಜೆಯಲ್ಲಿ ಆ ಕೋಣೆಗೆ ಹೊಸ ಗಾರೆ ಹಾಕಿದರು. ಅದಕ್ಕೆ ಮೇಜಿನ ಮರಳನ್ನೇ ಬಳಸಿದರೆಂದು ಸೆಲ್ವಿ ಹೇಳಿದಳು. ಗಾರೆಯವನು ಮರಳು ಜರಡಿ ಹಿಡಿದಾಗ ನೀಲಿ ಕೆಂಪು ಕ್ಯಾಪುಗಳು ಉಳಿದವಂತೆ. ನಾವು ಯಾವ ಯಾವುದೋ ಆಟದಲ್ಲಿ ಹೂತು ಮರೆತವು. "ಸುಮಾರಿದ್ವು ಕಣೇ. ಏನಮ್ಮ ಇದು, ಇಲ್ಲಿ ಪೆನ್ನಿನ ಗಿಡ ಇತ್ತಾ ಅಂತ ಅಮ್ಮನ್ನ ಕೇಳಿದ್ನಂತೆ," ಎಂದು ನಕ್ಕಳು. ನಾನೂ ನಕ್ಕೆ.

ಮುಂದೆ ನಾನು ಓದಲು ಶಿವಮೊಗ್ಗಕ್ಕೆ ಬಂದೆ. ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಇಲ್ಲೇ ಉಳಿದೆ. ಭದ್ರಾವತಿ ಇಲ್ಲಿಂದ ಅರ್ಧ ಮುಕ್ಕಾಲು ಗಂಟೆಯ ದಾರಿ, ಅಪ್ಪ ಅಮ್ಮನನ್ನು ನೋಡಲು ಹೋಗುತ್ತಲೇ ಇದ್ದೆ. ಹಳೇನಗರದ ಕಡೆ ಮಾತ್ರ ಹೋಗುತ್ತಿರಲಿಲ್ಲ. ಒಂದು ಸಲ ಶಿವಮೊಗ್ಗದ ಬಸ್ ಸ್ಟ್ಯಾಂಡಿನಲ್ಲಿ ಅವರೇ ಎದುರಾದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನ ಕೈ ಹಿಡಿದುಕೊಂಡು, "ನೀನು…" ಎಂದು ನಿಲ್ಲಿಸಿದರು. ಕನ್ನಡದಲ್ಲಿ ಅವರು ಹಾಗೆ ನಿಂತದ್ದನ್ನು ನಾನು ಅದೇ ಮೊದಲು ನೋಡಿದ್ದು. ತುಟಿ ಬಿಗಿಯಿತು.

"ಬಸ್ ಬಂತು ಟೀಚರ್, ಹೋಗ್ಬರ್ತೀನಿ," ಎಂದೆ. ಬಂದದ್ದು ನನ್ನ ಬಸ್ಸಾಗಿರಲಿಲ್ಲ. ಆದರೂ ಹತ್ತಿ, ಮುಂದಿನ ಸ್ಟಾಪಿನಲ್ಲಿ ಇಳಿದೆ.

ಈ ವರ್ಷ ಬೇಸಿಗೆಯ ಕೊನೆಗೆ ಸೆಲ್ವಿ ಫೋನ್ ಮಾಡಿದಳು. ಅವಳು ಈಗಲೂ ಭದ್ರಾವತಿಯಲ್ಲೇ ಇದ್ದಾಳೆ, ಟೈಲರಿಂಗ್ ಅಂಗಡಿ ಇಟ್ಟಿದ್ದಾಳೆ. "ಪರೇಡ್ ಟೀಚರ್ ಹೋಗ್ಬಿಟ್ರು ಕಣೇ," ಎಂದಳು. ಆಮೇಲೆ, "ನಿದ್ದೇಲೇ ಅಂತೆ. ನರಳ್ಲಿಲ್ಲ," ಎಂದು ಸೇರಿಸಿದಳು. ಕಾರ್ಯಗಳೆಲ್ಲ ಮುಗಿದ ಮೇಲೆ ಒಂದು ದಿನ ನಾವಿಬ್ಬರೂ ಆ ಮನೆಗೆ ಹೋದೆವು.

ಮಗಳು ಒಳಗಿನಿಂದ ಬಂದಳು. ನಾನು ಅವಳನ್ನು ಹಿಂದೆ ನೋಡಿರಲಿಲ್ಲ. ಟೀಚರಿನಷ್ಟೇ ಎತ್ತರ, ಅದೇ ಕಣ್ಣು. ಸೆಲ್ವಿ ನನ್ನ ಪರಿಚಯ ಹೇಳಿದ ಕೂಡಲೇ ಅವಳ ಮುಖ ಬದಲಾಯಿತು.

"ಅಯ್ಯೋ, ನೀವೇನಾ? ಅಮ್ಮ ನಿಮ್ ವಿಷ್ಯ ಎಷ್ಟ್ ಸಲ ಹೇಳಿದಾರೆ ಗೊತ್ತಾ? ಆಫೀಸರ್ ಬಂದಾಗ ನಂಗೆ ಇಂಗ್ಲಿಷೇ ಹೊರಡ್ಲಿಲ್ಲ ಕಣೆ, ಎಲ್ಲಾರ ಎದುರಿಗೆ ಮಾನ ಹೋಗ್ತಿತ್ತು, ಆ ಹುಡುಗಿ ಉಳಿಸಿದ್ಲು ಅಂತ. ಯಾರ್ ಬಂದ್ರೂ ಹೇಳೋರು."

ಸೆಲ್ವಿ ನನ್ನ ಕಡೆ ನೋಡಿದಳು. ಆ ದಿನ ಅವಳು ಶೆಡ್ಡಿನಲ್ಲಿದ್ದವಳು. ಕೋಣೆಯಲ್ಲಿ ನಡೆದದ್ದು ಅವಳಿಗೂ ಗೊತ್ತಿಲ್ಲ.

ಟೀಚರ್ ಹಾಗೆ ಯಾಕೆ ಹೇಳಿದರೋ. ನಿಜವಾಗಿಯೂ ಹಾಗೇ ನಂಬಿದ್ದರೋ, ಹೆಡ್ ಮೇಡಂ ಮತ್ತಿತರರು ಹೇಳಿ ಹೇಳಿ ಅವರಿಗೂ ಅದೇ ನಿಜವಾಯಿತೋ, ಅಥವಾ ತಾವು ಕಲಿಸಿದ ಹುಡುಗಿಯ ಹೆಸರು ಉಳಿಯಲೆಂದು ತಮ್ಮ ಹೆಸರನ್ನು ಬಿಟ್ಟುಕೊಟ್ಟರೋ… ಕೇಳಲು ಈಗ ಅವರಿಲ್ಲ. ಇದ್ದಾಗಲೂ ನಾನು ಕೇಳಲಿಲ್ಲ.

ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು. ಹೇಳಬೇಕಾದದ್ದನ್ನು ನಾನು ಮನಸ್ಸಿನಲ್ಲಿ ಕಟ್ಟಿಕೊಂಡೆ. ನಿಮ್ಮ ಅಮ್ಮನಿಗೆ ಮಾತು ಬಾರದೇ ಇರಲಿಲ್ಲ, ಮಾತು ಸಿದ್ಧವಾಗಿತ್ತು, ಬಾಯಿಯ ತನಕ ಬಂದಿತ್ತು, ನಾನು ಕಾಯಲಿಲ್ಲ. ಇಷ್ಟೇ. ಬಾಯಿ ತೆರೆದೆ. ನನ್ನ ಕಣ್ಣು ತುಂಬಿದ್ದನ್ನು ಕಂಡ ಸೆಲ್ವಿ ನನ್ನ ಬೆನ್ನ ಮೇಲೆ ಕೈಯಿಟ್ಟು ನನ್ನ ಬದಲಿಗೆ ಮಾತಾಡಿದಳು.

"ಇವಳಿಗೆ ಟೀಚರ್ ಅಂದ್ರೆ ಪ್ರಾಣ. ಮಾತೇ ಬರ್ತಿಲ್ಲ ನೋಡಿ."

ನಾನು ಸುಮ್ಮನಾದೆ. ಈ ಸಲ ಯಾವ ನಿಯಮವೂ ನನ್ನ ಬಾಯಿ ಕಟ್ಟಿರಲಿಲ್ಲ. ಮಗಳು ಒಳಗೆ ಹೋಗಿ ಕಾಫಿ ತಂದಳು. ಕುಡಿದೆ. ಹೊರಡುವಾಗ ಅವಳು ಗೇಟಿನ ತನಕ ಬಂದು ನನ್ನ ಎರಡೂ ಕೈ ಹಿಡಿದುಕೊಂಡು, "ಥ್ಯಾಂಕ್ಸ್ ಅಕ್ಕ. ಅಮ್ಮ ಇರೋವಾಗ್ಲೇ ನಿಮ್ಗೆ ಹೇಳ್ಬೇಕಿತ್ತು," ಎಂದಳು.

"ಪರವಾಗಿಲ್ಲ," ಎಂದೆ ನಾನು.

ಭಾನುವಾರದ ಆಟ ನಡೆಯುತ್ತಲೇ ಇದೆ. ನಮ್ಮ ಮೇಜಿಗೆ ಎರಡು ಉಸಿರಿನ ನಿಯಮವನ್ನು ನಾನು ಸೂಚಿಸಿಲ್ಲ. ಯಾರಾದರೂ ಮಾತಿನ ನಡುವೆ ನಿಂತರೆ ಕಾಯುತ್ತೇನೆ. ಎಷ್ಟೋ ಸಲ ಅವರಿಗೆ ಹೇಳುವುದು ಏನೂ ಇರುವುದಿಲ್ಲ, ಚೇತನ್‌ಗಂತೂ ಇರುವುದೇ ಇಲ್ಲ, ಆದರೂ ಕಾಯುತ್ತೇನೆ. ಟೀಚರಿನ ಆ ಇಂಗ್ಲಿಷ್ ಉತ್ತರ ನನಗೆ ಈಗಲೂ ಬಾಯಿಪಾಠ ಬರುತ್ತದೆ. ಅವರ ಬಾಯಿಂದ ಅದನ್ನು ಕೇಳಿದವಳು ನಾನೊಬ್ಬಳೇ, ಅದೂ ಒಂದು ಸಲ, ಜಗಲಿಯ ಮೇಲೆ, ಮಂಡಕ್ಕಿಯ ತಟ್ಟೆ ಕೈಯಲ್ಲಿ ಹಿಡಿದುಕೊಂಡು.